ಮಳೆಗಾಲದಲ್ಲಿ ಗಿಟಾರ್ ಶ್ರುತಿ ನಿಲ್ತಿಲ್ವಾ?

ಪ್ರಶ್ನೆ: ನಮಸ್ಕಾರ ಸಾರ್, ನಂದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ, ಶಿವಮೊಗ್ಗದಲ್ಲಿ ಡಿಗ್ರಿ ಓದ್ತಿದೀನಿ. ಬೆಂಗಳೂರಲ್ಲಿ ಒಬ್ರ ಹತ್ರ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ, ಫ್ಲಾಯ್ಡ್ ರೋಸ್ ಥರದ ಲಾಕಿಂಗ್ ಟ್ರೆಮೊಲೋ (ಬಾರ್ ಅನ್ನೋ ಕಡ್ಡಿ ಒತ್ತಿ, ಎತ್ತಿ ಸ್ವರ ಜರುಗಿಸೋ, ತಂತಿಗೆ ಲಾಕ್ ಇರೋ ಬ್ರಿಡ್ಜ್) ಇದೆ. ಅದ್ರಲ್ಲಿ 9ರ ಸೆಟ್ ತಂತಿ ಇತ್ತು, ಸೌಂಡ್ ದಪ್ಪ ಬರ್ಲಿ ಅಂತ ಅದಕ್ಕಿಂತ ದಪ್ಪ ತಂತಿಯ 10ರ ಸೆಟ್ ಹಾಕ್ದೆ. ಅವತ್ತಿಂದ ಬ್ರಿಡ್ಜ್ ಹಿಂದ್ಗಡೆ ಎದ್ದು ನಿಂತಿದೆ, ಒಂದು ತಂತಿ ಟ್ಯೂನ್ ಮಾಡಿದ್ರೆ ಉಳಿದ ಐದೂ ಇಳೀತಾವೆ, ಲಾಕ್ ಮಾಡಿಟ್ರೂ ಮಾರನೇ ದಿನ ಮತ್ತೆ ಹೋಗಿರುತ್ತೆ. ಮಾರಿಬಿಡ್ಲಾ?

ಉತ್ತರ: ಮಾರ್ಬೇಡಿ ಮಾರಾಯ್ರೇ. ನೀವು ಬರ್ದಿದ್ದು ನೋಡಿದ್ರೆ ಗಿಟಾರಿಗೆ ಏನೂ ಆಗಿಲ್ಲ, ತೂಕ ತಪ್ಪಿದೆ ಅಷ್ಟೇ. ಆ ಬ್ರಿಡ್ಜ್ ಎರಡು ಪೋಸ್ಟ್ (ಮರಕ್ಕೆ ಕೂರಿಸಿರೋ ದಪ್ಪ ಸ್ಕ್ರೂ) ಮೇಲೆ ತಕ್ಕಡಿ ಥರ ನಿಂತಿರುತ್ತೆ, ಈ ಕಡೆಯಿಂದ ಆರು ತಂತಿ ಎಳೀತಾವೆ, ಹಿಂದಿನ ಗೂಡಲ್ಲಿರೋ ಸ್ಪ್ರಿಂಗ್‌ಗಳು ಆ ಕಡೆಗೆ ಎಳೀತಾವೆ. 9ರ ಸೆಟ್ ಮಾಮೂಲಿ ಶ್ರುತೀಲಿ ಒಟ್ಟು ಸುಮಾರು 38 ಕೆಜಿ ಎಳೆದ್ರೆ 10ರದ್ದು 46-47 ಕೆಜಿ ಎಳೆಯುತ್ತೆ, ಸ್ಪ್ರಿಂಗ್ ಮಾತ್ರ ಹಳೇ ಲೆಕ್ಕದಲ್ಲೇ ಇದೆ, ಇನ್ನು ಬ್ರಿಡ್ಜ್ ಏಳದೆ ಏನ್ ಮಾಡುತ್ತೆ ಹೇಳಿ.

ಮೊದ್ಲು ನಟ್ (ಕತ್ತಿನ ಮೇಲ್ತುದೀಲಿ ತಂತಿ ಹಾದುಹೋಗೋ ಪಟ್ಟಿ) ಮೇಲಿನ ಮೂರೂ ಲಾಕ್ ಸಡಿಲ ಮಾಡಿ, ಸಾಮಾನ್ಯವಾಗಿ 3 ಎಂ.ಎಂ. ಅಲೆನ್ ಕೀ ಸಾಕು. ಲಾಕ್ ಬಿಗಿ ಇದ್ದಾಗ ಮೇಲ್ಗಡೆ ತಂತಿ ಬಿಗಿಯೋ ಕಿವಿ ತಿರುಗಿಸಿದ್ರೆ ಸ್ವರ ಒಂಚೂರೂ ಬದಲಾಗಲ್ಲ, ತಂತಿ ಮಾತ್ರ ಕಡೀಬಹುದು. ಬ್ರಿಡ್ಜ್ ಮೇಲಿನ ಆರೂ ಫೈನ್ ಟ್ಯೂನರ್ (ಸ್ವರ ಒಂಚೂರು ಏರಿಸಿ ಇಳಿಸೋ ಸಣ್ಣ ಸ್ಕ್ರೂ) ನಡುಮಧ್ಯಕ್ಕೆ ತನ್ನಿ. ಆಮೇಲೆ ಹಿಂದಿನ ಪ್ಲೇಟ್ ಬಿಚ್ಚಿದ್ರೆ ಸ್ಪ್ರಿಂಗ್ ಸಿಕ್ಕಿಸಿರೋ ಒಂದು ಪಟ್ಟಿ, ಅದನ್ನ ಮರಕ್ಕೆ ಹಿಡಿದಿರೋ ಎರಡು ಉದ್ದ ಸ್ಕ್ರೂ ಕಾಣ್ತಾವೆ. ನಿಮ್ಮ ಔಷಧ ಇರೋದು ಆ ಎರಡು ಸ್ಕ್ರೂನಲ್ಲೇ. ಎರಡನ್ನೂ ಅರ್ಧರ್ಧ ಸುತ್ತು ಬಿಗಿ ಮಾಡಿ, ಆರೂ ತಂತಿ ಮತ್ತೆ ಶ್ರುತಿಗೆ ತನ್ನಿ, ಗಿಟಾರನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ. ಬ್ರಿಡ್ಜ್ ಇನ್ನೂ ಎದ್ದಿದ್ರೆ ಮತ್ತೆ ಅರ್ಧ ಸುತ್ತು, ತೀರಾ ಕೂತುಬಿಟ್ರೆ ಸಡಿಲ, ಗಿಟಾರಿನ ಮೈಗೆ ಸಮ ಬರೋವರೆಗೂ ಹಿಂಗೇ. ಶ್ರುತಿಗೆ ತರದೆ ಬ್ರಿಡ್ಜ್ ನೋಡಿ ತೀರ್ಮಾನ ಮಾಡಿದ್ರೆ ಲೆಕ್ಕ ತಪ್ಪುತ್ತೆ. ಸ್ಕ್ರೂ ಪೂರ್ತಿ ಒಳಗೆ ಹೋದ್ರೂ ಸಾಲ್ಲಿಲ್ಲ ಅಂದ್ರೆ ಮೂರು ಸ್ಪ್ರಿಂಗ್ ಜಾಗಕ್ಕೆ ನಾಕು ಹಾಕಿ.

ಒಂದು ಸುತ್ತಲ್ಲಿ ಶ್ರುತಿ ಕೂರಲ್ಲ, ಆರನೇ ತಂತಿ ಏರಿಸಿದ್ರೆ ಐದನೇದು ಇಳಿಯುತ್ತೆ, ಅದನ್ನ ಸರಿ ಮಾಡೋಷ್ಟರಲ್ಲಿ ಆರನೇದು ಮತ್ತೆ ಇಳಿದಿರುತ್ತೆ, ಆದ್ರೆ ಪ್ರತೀ ಸುತ್ತಿಗೂ ವ್ಯತ್ಯಾಸ ಕಮ್ಮಿ ಆಗ್ತಾ ಬರುತ್ತೆ, ನಾಕೈದು ಸುತ್ತು ಹೊಡೀರಿ. ಹೊಸ ತಂತಿ ಅಂದ್ರೆ ಹನ್ನೆರಡನೇ ಫ್ರೆಟ್ ಹತ್ರ ಬೆರಳು ಹಾಕಿ ಮೆಲ್ಲಗೆ ಮೇಲಕ್ಕೆ ಎಳೆದು ಬಿಡಿ, ಸ್ವರ ಇಳಿಯುತ್ತೆ, ಏರಿಸಿ ಮತ್ತೆ ಎಳೀರಿ, ಇಳಿಯೋದು ನಿಂತ ಮೇಲೇನೇ ಲಾಕ್. ಹೆಚ್ಚಿನವ್ರು ಈ ಎಳೆಯೋ ಕೆಲ್ಸ ಬಿಟ್ಟು ನೇರ ಲಾಕ್ ಮಾಡ್ತಾರೆ, ಮಾರನೇ ದಿನ ಶ್ರುತಿ ಹೋಗೋದು ಬಹುಪಾಲು ಅದಕ್ಕೇ. ಲಾಕ್ ಬಿಗಿ ಮಾಡುವಾಗ ಸ್ವರ ಸ್ವಲ್ಪ ಏರೋದು ಸಹಜ, ಫೈನ್ ಟ್ಯೂನರ್‌ನಲ್ಲಿ ಇಳಿಸಿ. ಫ್ಲಾಯ್ಡ್ ರೋಸ್ ಅನ್ನೋ ಗಿಟಾರ್ ವಾದಕರಿಗೆ ಈ ಲಾಕಿಂಗ್ ಟ್ರೆಮೊಲೋದ ಪೇಟೆಂಟ್ ಸಿಕ್ಕಿದ್ದು 1979ರಲ್ಲಿ, ಮೊದಮೊದಲ ಮಾದರೀಲಿ ಈ ಫೈನ್ ಟ್ಯೂನರ್ ಇರ್ಲಿಲ್ಲ, ಸ್ವರ ಜರುಗಿದ್ರೆ ಲಾಕ್ ಬಿಚ್ಚಿ ಮೊದಲಿಂದ ಶುರು ಮಾಡ್ಬೇಕಿತ್ತು.

ಪೋಸ್ಟ್ ಎತ್ತರ ಮಾತ್ರ ತಂತಿ ಬಿಗಿ ಇದ್ದಾಗ ಮುಟ್ಲೇಬೇಡಿ. ನಾನು ಒಮ್ಮೆ ಅವಸರದಲ್ಲಿ ಹಾಗೇ ತಿರುಗಿಸಿದೆ, ಬ್ರಿಡ್ಜಿನ ಚಾಕುವಿನಂಥ ಅಂಚು ಮೊಂಡಾಯ್ತು. ಆಮೇಲೆ ಬಾರ್ ಒತ್ತಿ ಬಿಟ್ರೆ ಒಂದು ಸ್ವರ, ಮೇಲೆತ್ತಿ ಬಿಟ್ರೆ ಇನ್ನೊಂದು ಸ್ವರ. ನಿಮ್ದೂ ಹಂಗೆ ಮಾಡ್ತಿದ್ರೆ ಮೊದ್ಲು ತಂತಿ ಸಡಿಲ ಮಾಡಿ ಆ ಅಂಚು ಒರೆಸಿ ಒಂದು ಚಿಟಿಕೆ ವ್ಯಾಸಲೀನ್ ಹಚ್ಚಿ ನೋಡಿ, ಬರೀ ತುಕ್ಕು ಕೊಳೆ ಆಗಿದ್ರೆ ಸರಿ ಹೋಗುತ್ತೆ.

ಇನ್ನು ನಮ್ಮ ಮಳೆ. ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಸುರಿಯುತ್ತೆ, ನಿಮ್ಮೂರೂ ದೂರ ಇಲ್ಲ, ಆಷಾಢದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ. ಲಾಕ್ ತಂತಿಯ ಎರಡು ತುದಿ ಹಿಡಿಯುತ್ತೆ ನಿಜ, ನಡುವಿನ ಮರವೇ ತೇವ ಕುಡಿದು ಬಾಗಿದ್ರೆ ಲಾಕ್ ಏನ್ ಮಾಡುತ್ತೆ? ಮಳೆ ಬಡಿಯೋ ಗೋಡೆಗೆ ನೇತು ಹಾಕ್ಬೇಡಿ, ಕೇಸಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ನುಡಿಸಿದ ಮೇಲೆ ಬ್ರಿಡ್ಜಿನ ಸಣ್ಣ ಸ್ಕ್ರೂಗಳ ಮೇಲಿನ ಬೆವರು ಒಣ ಬಟ್ಟೇಲಿ ಒರೆಸಿ. ಬೆಚ್ಚಗಿರ್ಲಿ ಅಂತ ಬಚ್ಚಲ ಒಲೆ ಹತ್ರ, ಅಡಿಕೆ ಬೇಯಿಸೋ ಒಲೆ ಹತ್ರ ಖಂಡಿತ ಇಡ್ಬೇಡಿ, ತೇವಕ್ಕಿಂತ ಆ ಒಣ ಬಿಸಿಯೇ ಮರಕ್ಕೆ ಕೆಟ್ಟದ್ದು.

ಪ್ರಶ್ನೆ: ಹೊಸನಗರದಿಂದ. ನಮ್ದೂ ಇಂಥದ್ದೇ ಬ್ರಿಡ್ಜ್ ಇರೋ ಗಿಟಾರ್. ಗಣಪತಿ ಕಾರ್ಯಕ್ರಮದಲ್ಲಿ ನುಡಿಸ್ತೀವಿ, ಮಧ್ಯೆ ಒಂದು ತಂತಿ ಕಡಿದ್ರೆ ಉಳಿದ ಐದೂ ಅಪಸ್ವರ. ದಾರಿ ಇದ್ಯಾ?

ಉತ್ತರ: ಇದೆ. ಹಿಂದಿನ ಗೂಡಲ್ಲಿ ಬ್ರಿಡ್ಜ್‌ನಿಂದ ಕೆಳಕ್ಕೆ ಇಳಿದು, ಸ್ಪ್ರಿಂಗಿನ ಇನ್ನೊಂದು ತುದಿ ಸಿಕ್ಕಿಸಿರೋ ದಪ್ಪ ಲೋಹದ ತುಂಡು ಇರುತ್ತಲ್ಲ, ತಂತಿ ಕಡಿದಾಗ ಸ್ಪ್ರಿಂಗ್ ಅದನ್ನ ಕತ್ತಿನ ಕಡೆಗೆ ಎಳೆಯುತ್ತೆ. ಆ ಕಡೆ ಖಾಲಿ ಜಾಗಕ್ಕೆ ಸರಿಯಾಗಿ ಕೂರೋ ಗಟ್ಟಿ ಮರದ ತುಂಡೊಂದು ಕೊಡಿ, ಬಡಗಿ ಹತ್ರ ಸಾಗವಾನಿ ಚೂರು ಸಿಗುತ್ತೆ, ಬ್ರಿಡ್ಜ್ ಸಮ ಇದ್ದಾಗ ಅಳತೆ ತಗೊಳ್ಳಿ, ಆಮೇಲೆ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿ ಲೋಹ ಮರಕ್ಕೆ ಒತ್ತಿ ನಿಲ್ಲೋ ಹಾಗೆ ಮಾಡಿ. ಬಾರ್ ಮೇಲಕ್ಕೆ ಎಳೆಯೋಕೆ ಬರಲ್ಲ, ಕೆಳಕ್ಕೆ ಎಂದಿನಂತೆ ಒತ್ತಬಹುದು, ಒಂದು ತಂತಿ ಹೋದ್ರೂ ಉಳಿದ ಐದರಲ್ಲಿ ಹಾಡು ಮುಗಿಸ್ತೀರಿ.