ಮೊದಲ ಚುಚ್ಚುಮದ್ದಿಗೆ ಜ್ವರ ಬಂದಿತೆಂದು ಅತ್ತೆಯವರು ಎರಡನೆಯದು ಬೇಡವೆನ್ನುತ್ತಿದ್ದಾರೆ, ಒಪ್ಪಿಸುವುದು ಹೇಗೆ?

ಎಂಟು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಇದೇ ಮಾತು ನಡೆದಿತ್ತು. ಮಗಳಿಗೆ ಒಂದೂವರೆ ತಿಂಗಳಾದಾಗ ಪೆಂಟಾವಲೆಂಟ್ ಚುಚ್ಚುಮದ್ದು ಹಾಕಿಸಿಕೊಂಡು ಬಂದ ರಾತ್ರಿ ಅವಳ ಮೈ ಕೆಂಡವಾಯಿತು. ತೊಡೆಯ ಮೇಲೆ ಅಡಿಕೆಯಷ್ಟು ಗಂಟು ಎದ್ದು, ಮುಟ್ಟಿದರೆ ಚೀರುತ್ತಿದ್ದಳು. ಎರಡನೆಯ ಡೋಸಿನ ದಿನ ಅತ್ತೆಯವರು, "ಕೂಸು ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ನೋಡೋಣ" ಎಂದರು. ನಾನು ವಾದಿಸಲಿಲ್ಲ. ನಿಜ ಹೇಳಬೇಕೆಂದರೆ, ಯಾರಾದರೂ ಹಾಗೆನ್ನಲಿ ಎಂದೇ ಕಾಯುತ್ತಿದ್ದೆ.

ಆದರೆ ನನಗೆ ಮುಳುವಾದದ್ದು ಅತ್ತೆಯ ಮಾತಲ್ಲ. ಪಲ್ಸ್ ಪೋಲಿಯೊ ಭಾನುವಾರ ಬೂತಿಗೆ ಹೋಗಿ ಎರಡು ಹನಿ ಹಾಕಿಸಿ, ಮಗುವಿನ ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದು, ಲಸಿಕೆಯ ಕೆಲಸ ಮುಗಿಯಿತೆಂದು ನಿಶ್ಚಿಂತಳಾದೆನಲ್ಲ, ಅದು. ಆ ಹನಿ ಪೋಲಿಯೊವನ್ನು ಮಾತ್ರ ತಡೆಯುತ್ತದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾ, ಮಿದುಳುಜ್ವರಗಳಿಗೆ ಪೆಂಟಾವಲೆಂಟ್ ಬೇಕು. ಅದನ್ನು 6, 10 ಮತ್ತು 14 ವಾರಗಳಲ್ಲಿ ಮೂರು ಸಲ ಕೊಡಿಸಬೇಕು. ಇವೆಲ್ಲ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲೇ ಅಚ್ಚಾಗಿದ್ದವು. ಪದವಿ ಓದಿದ ನಾನು ಆ ಕಾರ್ಡನ್ನು ಜನನ ಪ್ರಮಾಣಪತ್ರದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

ಏಳನೆಯ ತಿಂಗಳಿನಲ್ಲಿ ಕೆಮ್ಮು ಹಿಡಿಯಿತು. ಒಮ್ಮೆ ಶುರುವಾದರೆ ಉಸಿರಿಗೆ ಎಡೆಯಿಲ್ಲದಂತೆ ಕೆಮ್ಮಿ, ತುಟಿ ನೀಲಿಗಟ್ಟಿ, ಕುಡಿದ ಹಾಲೆಲ್ಲ ಕಾರಿಬಿಡುತ್ತಿದ್ದಳು. ಒಂದು ಸಂಜೆ ಅತ್ತೆಯವರು ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು, "ಇದು ನಾಯಿಕೆಮ್ಮು ಕಣೇ, ನನ್ನ ತಮ್ಮನೂ ಹೀಗೇ ಕೆಮ್ಮುತ್ತಿದ್ದ" ಎಂದರು. ಆ ತಮ್ಮ ಉಳಿದಿರಲಿಲ್ಲ. ಅವರು ಬೇಡವೆಂದ ಚುಚ್ಚುಮದ್ದು ಈ ಕೆಮ್ಮಿಗೇ ಇದ್ದದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನನಗೇ ಗೊತ್ತಿರಲಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು.

ಆದ್ದರಿಂದ ಅತ್ತೆಯನ್ನು "ಒಪ್ಪಿಸುವ" ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ನೀವು ಕಾರ್ಡು ತೆರೆದು ಓದಿ. ಆಮೇಲೆ ಲಸಿಕೆಯ ಇಂಗ್ಲಿಷ್ ಹೆಸರು ಬಿಟ್ಟು ಕಾಯಿಲೆಗಳ ಹೆಸರು ಹೇಳಿ ಅವರನ್ನು ಮಾತಿಗೆಳೆಯಿರಿ. ಅವುಗಳಲ್ಲಿ ಒಂದನ್ನಾದರೂ ಅವರು ಕಣ್ಣಾರೆ ಕಂಡಿರುತ್ತಾರೆ. ಲಸಿಕೆಯ ದಿನ ಅವರನ್ನೂ ಕರೆದೊಯ್ದು, ಜ್ವರ ಬಂದರೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕೆಂದು ನರ್ಸಮ್ಮನನ್ನು ಅವರೆದುರಿಗೇ ಕೇಳಿ. ಸಾಮಾನ್ಯವಾಗಿ ಆ ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕಳೆದ ಸಲ ಫಿಟ್ಸ್ ಬಂದಿದ್ದರೆ ಮಾತ್ರ ಚುಚ್ಚುವ ಮೊದಲೇ ವೈದ್ಯರಿಗೆ ತಿಳಿಸಬೇಕು. ದಿನ ತಪ್ಪಿತೆಂದು ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ನನ್ನ ಮಗಳಿಗೂ ಹಾಗೆಯೇ ಮಾಡಿದರು.