ಆಗುಂಬೆ ಘಾಟಿಗೆ 17 ಇಂಚಿನ ಅಲಾಯ್ ಬೇಕಾ?

ನೀವು ಬರೆದದ್ದು ಇಷ್ಟು. ಮನೆ ಶಿವಮೊಗ್ಗದಲ್ಲಿ. 2018ರ ಮಾರುತಿ ಸ್ವಿಫ್ಟ್ ಕಾರು ಇದೆ, ವಿಎಕ್ಸ್‌ಐ ಮಾಡೆಲ್, 52 ಸಾವಿರ ಕಿ.ಮೀ. ಓಡಿದೆ. ಟೈರ್ 165/80 ಆರ್14, ಕಂಪನಿಯಿಂದ ಬಂದದ್ದೇ, ಇನ್ನೂ ಬದಲಿಸಿಲ್ಲ. ತಿಂಗಳಿಗೆ ಎರಡು ಸಲ ಆಗುಂಬೆ ಇಳಿದು ಉಡುಪಿಗೆ ಹೋಗುತ್ತೀರಿ. ತಿರುವಿನಲ್ಲಿ ಗಾಡಿ ವಾಲಿದ ಹಾಗಾಗುತ್ತೆ, ಮಳೆಯಲ್ಲಿ ಮುಂದಿನ ಚಕ್ರ ಜಾರುತ್ತೆ, 17 ಇಂಚಿನ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

17 ಬೇಡ. ಹೊಸ ಟೈರ್ ಮಾತ್ರ ಬೇಕೇ ಬೇಕು, ಅದೂ ಮುಂದಿನ ಮಳೆಗಾಲಕ್ಕೆ ಮೊದಲೇ. ಸೈಜ್ ಬದಲಿಸಲೇಬೇಕು ಅಂದರೆ 15 ಇಂಚಿಗೆ ನಿಲ್ಲಿಸಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇದೇ ಗಾಡಿಗೆ ಇದೇ 17 ಹಾಕಿಸಿ ಓಡಿಸಿದವನು ನಾನು. ನನ್ನ ಮನೆ ತೀರ್ಥಹಳ್ಳಿ ಕಡೆ, ನನ್ನದು 2016ರ ವಿಎಕ್ಸ್‌ಐ.

ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸೆಟ್ ಸಿಕ್ಕಿತ್ತು, 205/45 ಆರ್17. ಹಾಕಿಸಿದ ಮೊದಲ ವಾರ ನಿಜಕ್ಕೂ ಖುಷಿಯಾಗಿತ್ತು. ಗಾಜನೂರು ದಾಟಿ ಸಕ್ರೆಬೈಲು ಕಡೆಗಿನ ತಿರುವುಗಳಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಗಾಡಿ ತಕ್ಷಣ ತಿರುಗುತ್ತಿತ್ತು. ಆದರೆ ಮಳೆಗಾಲ ಬಂತು. ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ ಮಂಡಗದ್ದೆ ಹತ್ತಿರ ಎದುರಿಂದ ಬಸ್ಸು ಬಂತು, ನಾನು ಎಡಕ್ಕೆ ಸರಿದೆ, ನೀರು ತುಂಬಿದ ಹೊಂಡ ಕಾಣಲೇ ಇಲ್ಲ. ಒಂದೇ ಏಟು. ರಿಮ್ಮಿನ ಅಂಚು ಬಾಗಿತ್ತು, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿತ್ತು. ಉಬ್ಬು ಬಂತು ಅಂದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ, ಆ ಟೈರನ್ನು ರಿಪೇರಿ ಮಾಡಲು ಬರುವುದಿಲ್ಲ, ಎಸೆಯಬೇಕು. ಆ ಮಳೆಯಲ್ಲಿ, ಮೊಬೈಲ್ ಬೆಳಕಿನಲ್ಲಿ ಸ್ಟೆಪ್ನಿ ಹಾಕಿಕೊಂಡು ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ.

ಈಗ ಲೆಕ್ಕ ನೋಡಿ. 165/80 ಆರ್14ರಲ್ಲಿ 165 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 80 ಅಂದರೆ ಆ ಅಗಲದ ನೂರಕ್ಕೆ 80 ಭಾಗ, ಅದು ಪಕ್ಕದ ರಬ್ಬರಿನ ಎತ್ತರ: 132 ಮಿ.ಮೀ. 14 ಅಂದರೆ ರಿಮ್ಮಿನ ಇಂಚು. ರಿಮ್ಮಿಗೆ ಮೇಲೊಂದು ಕೆಳಗೊಂದು ರಬ್ಬರ್ ಸೇರಿಸಿದರೆ ಇಡೀ ಚಕ್ರದ ಎತ್ತರ ಸುಮಾರು 620 ಮಿ.ಮೀ. ಇದೇ ಗಾಡಿಯ ಮೇಲಿನ ಮಾಡೆಲ್‌ಗೆ ಕಂಪನಿಯೇ ಕೊಡುವ 185/65 ಆರ್15 ತೆಗೆದುಕೊಳ್ಳಿ. ಪಕ್ಕದ ರಬ್ಬರ್ 120, ಒಟ್ಟು 621. 195/55 ಆರ್16 ಆದರೆ ಪಕ್ಕ 107, ಒಟ್ಟು 621. ನಾನು ಹಾಕಿಸಿದ್ದ 205/45 ಆರ್17ಕ್ಕೆ ಪಕ್ಕ ಬರೀ 92, ಒಟ್ಟು 616. ಒಟ್ಟು ಎತ್ತರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಅದು ಒಂದೇ ಇರಲೇಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ದೊಡ್ಡ ಚಕ್ರ ಹಾಕಿದರೆ ಗಾಡಿ ಓಡುವುದಕ್ಕಿಂತ ಕಡಿಮೆ ಸ್ಪೀಡ್ ತೋರಿಸುತ್ತದೆ, ಅದು ಅಪಾಯ. ಬದಲಾಗುವುದು ಪಕ್ಕದ ರಬ್ಬರ್ ಮಾತ್ರ. ಹೊಂಡದ ಅಂಚು ರಿಮ್ಮಿಗೆ ಬಡಿಯದ ಹಾಗೆ ತಡೆಯುವುದು ಆ ರಬ್ಬರೇ. 132 ಇದ್ದದ್ದನ್ನು ನಾನು 92ಕ್ಕೆ ಇಳಿಸಿಕೊಂಡಿದ್ದೆ, ಅದೂ ನಮ್ಮ ರಸ್ತೆಯಲ್ಲಿ.

ಹಾಗಂತ ದೊಡ್ಡ ರಿಮ್ಮಿನಿಂದ ಏನೂ ಲಾಭ ಇಲ್ಲ ಅಂತಲ್ಲ. ತಿರುವಿನಲ್ಲಿ ಗಾಡಿಯ ಭಾರ ಹೊರಗಡೆಗೆ ಎಳೆಯುತ್ತದೆ, ರಸ್ತೆಗೆ ಅಂಟಿಕೊಂಡ ರಬ್ಬರ್ ಅಲ್ಲೇ ನಿಲ್ಲಲು ನೋಡುತ್ತದೆ, ನಡುವೆ ಪಕ್ಕದ ರಬ್ಬರ್ ಬಳುಕುತ್ತದೆ. ಅದು ಎತ್ತರ ಇದ್ದಷ್ಟೂ ಬಳುಕು ಜಾಸ್ತಿ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ತಿರುಗುವುದು ಒಂದು ಕ್ಷಣ ತಡ. ಗಿಡ್ಡ ಪಕ್ಕ, ಅಗಲ ಟೈರ್ ಇದ್ದರೆ ಆ ತಡ ಕಡಿಮೆಯಾಗುತ್ತದೆ. ಒಣ ರಸ್ತೆಯಲ್ಲಿ, ನುಣುಪು ಡಾಂಬರಿನಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ನೀವು ಹೇಳಿದ "ವಾಲುವುದು" ಇದೆಯಲ್ಲ, ಅದರಲ್ಲಿ ಟೈರಿನ ಪಾಲು ಸ್ವಲ್ಪವೇ. ಗಾಡಿಯ ಬಾಡಿ ವಾಲದ ಹಾಗೆ ತಡೆಯುವುದು ಸ್ಪ್ರಿಂಗ್ ಮತ್ತು ಸ್ಟೆಬಿಲೈಸರ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸುವ ಕಂಬಿ). ತೂಗಾಡಿ ತೂಗಾಡಿ ನಿಲ್ಲುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಎಂಟು ವರ್ಷದ ಹತ್ತಿರ ಬಂದ ಗಾಡಿ, 52 ಸಾವಿರ ಕಿ.ಮೀ., ಅದೂ ಮಲೆನಾಡಿನ ರಸ್ತೆ. ಮೊದಲು ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಶಾಕ್‌ಗಳಲ್ಲಿ ಎಣ್ಣೆ ಸೋರಿದೆಯಾ, ಕೆಳಗಿನ ಬುಷ್‌ಗಳು ಹರಿದಿವೆಯಾ ನೋಡಿಸಿ. ಅವು ಹೋಗಿದ್ದರೆ ಯಾವ ಅಲಾಯ್ ಹಾಕಿದರೂ ಗಾಡಿ ವಾಲುತ್ತಲೇ ಇರುತ್ತದೆ.

ಇನ್ನು ತೂಕ. ಎರಡೂ ಚಕ್ರಗಳನ್ನು ಟೈರ್ ಸಮೇತ ನಮ್ಮ ಮನೆಯ ಅಡಿಕೆ ತೂಗುವ ತಕ್ಕಡಿಯ ಮೇಲಿಟ್ಟು ನೋಡಿದ್ದೆ. 14ರ ಕಬ್ಬಿಣದ ರಿಮ್ ಇರುವುದು 14 ಕಿಲೋ ಆಸುಪಾಸು, 17ರದ್ದು 18 ದಾಟಿತು. ಅಲಾಯ್ ಅಂದರೆ ಹಗುರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದೇ ಇಂಚಿನಲ್ಲಿ ಒಳ್ಳೆಯ ಅಲಾಯ್ ಹಗುರ ಇರಬಹುದು, ಇಂಚು ಹೆಚ್ಚಿದಾಗ, ಅದರಲ್ಲೂ ಅಗ್ಗದ ಅಲಾಯ್‌ಗಳಲ್ಲಿ ಆ ಲಾಭ ಹೋಗಿಬಿಡುತ್ತದೆ. ಚಕ್ರದ ಭಾರ ಸ್ಪ್ರಿಂಗಿನ ಕೆಳಗಿರುವ ಭಾರ. ಅದು ಹೆಚ್ಚಿದಷ್ಟೂ ರಸ್ತೆಯ ಉಬ್ಬುತಗ್ಗಿನಲ್ಲಿ ಚಕ್ರ ಮೇಲಕ್ಕೆ ಹಾರಿ ಕೆಳಗೆ ಕೂರಲು ತಡ ಮಾಡುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಹೊಸನಗರ, ನಗರ, ನಾಗೋಡಿ ಕಡೆಯ ಒರಟು ರಸ್ತೆಗಳಲ್ಲಿ ನನ್ನ ಗಾಡಿ ತಿರುವಿನ ಮಧ್ಯೆ ಪಕ್ಕಕ್ಕೆ ಜಿಗಿಯುತ್ತಿದ್ದದ್ದು ಇದಕ್ಕೇ. ಪಿಕಪ್ಪೂ ಸ್ವಲ್ಪ ಮಂದವಾಗಿತ್ತು, ಮೈಲೇಜೂ ಇಳಿದಿತ್ತು.

ಮಳೆಯ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಆದದ್ದು ಅದೇ. ಟೈರ್ ಅಗಲ ಮಾಡಿದರೆ ರಸ್ತೆಗೆ ತಾಗುವ ಜಾಗ ಜಾಸ್ತಿಯಾಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಅಷ್ಟೊಂದು ಆಗುವುದಿಲ್ಲ. ಗಾಡಿಯ ಭಾರ ಅದೇ, ಒಳಗಿನ ಗಾಳಿಯ ಒತ್ತಡ ಅದೇ, ಹಾಗಾಗಿ ತಾಗುವ ಜಾಗವೂ ಸುಮಾರಾಗಿ ಅಷ್ಟೇ. ಆಕಾರ ಮಾತ್ರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಒಣ ತಿರುವಿಗೆ ಅದು ಒಳ್ಳೆಯದು. ನೀರು ನಿಂತ ರಸ್ತೆಯಲ್ಲಿ ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲು ಆಗದಿದ್ದಾಗ ನೀರಿನ ಮೇಲೆ ತೇಲುತ್ತದೆ. ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ ತೇಲುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ ಮಾರಾಯ್ರೇ, ಅಲ್ಲಿಗೆ ಹೋಗುವ ಗಾಡಿಗೆ ಟೈರ್ ಆರಿಸುವಾಗ ಮೊದಲು ಮಳೆ ನೋಡಬೇಕು, ಆಮೇಲೆ ಉಳಿದದ್ದು.

ನಿಮ್ಮ ಮುಂದಿನ ಚಕ್ರ ಜಾರುವುದಕ್ಕೆ ಕಾರಣ ಸೈಜ್ ಅಂತ ನನಗೆ ಅನಿಸುವುದಿಲ್ಲ. ಟೈರ್ ಹಳೆಯದಾಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಅಚ್ಚು ಇರುತ್ತದೆ. ಉದಾಹರಣೆಗೆ 1418 ಅಂತ ಇದ್ದರೆ 2018ರ 14ನೇ ವಾರದಲ್ಲಿ ತಯಾರಾದದ್ದು. ಇಷ್ಟು ವರ್ಷಕ್ಕೆ ರಬ್ಬರ್ ಗಟ್ಟಿಯಾಗುತ್ತದೆ, ಟ್ರೆಡ್ (ಟೈರಿನ ಮೈಮೇಲಿನ ಗೀರುಗಳು) ಇನ್ನೂ ಇದ್ದರೂ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಉಗುರಿನಿಂದ ಒತ್ತಿ ನೋಡಿ, ಆಮೇಲೆ ಹೊಸ ಟೈರ್ ಒಂದನ್ನು ಅಂಗಡಿಯಲ್ಲಿ ಒತ್ತಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಟ್ರೆಡ್ಡಿನ ಆಳ 1.6 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು ಅಂತ ನಿಯಮ ಇದೆ, ಗೀರುಗಳ ತಳದಲ್ಲಿ ಅದಕ್ಕೆಂದೇ ಸಣ್ಣ ಉಬ್ಬುಗುರುತು ಇರುತ್ತದೆ. ನಮ್ಮ ಮಳೆಗೆ ಅಷ್ಟರವರೆಗೆ ಕಾಯುವುದು ಬೇಡ, ನಾನಂತೂ 3 ಮಿ.ಮೀ. ಆದರೆ ಬದಲಿಸಿಬಿಡುತ್ತೇನೆ.

ಘಾಟಿ ಇಳಿಯುವಾಗ ಗಾಡಿಯ ಭಾರ ಮುಂದಕ್ಕೆ ಬಂದಿರುತ್ತದೆ. ಮುಂದಿನ ಎರಡು ಟೈರುಗಳೇ ಬ್ರೇಕನ್ನೂ ಹಿಡಿಯಬೇಕು, ಗಾಡಿಯನ್ನೂ ತಿರುಗಿಸಬೇಕು. ಒಂದು ಕೊಡ ನೀರಿನಲ್ಲಿ ಎರಡು ಮನೆಯ ಕೆಲಸ ಆದ ಹಾಗೆ ಅದು. ಬ್ರೇಕಿಗೇ ಎಲ್ಲ ಖರ್ಚಾದರೆ ತಿರುಗಲು ಏನೂ ಉಳಿಯುವುದಿಲ್ಲ, ಗಾಡಿ ನೇರ ಹೋಗುತ್ತದೆ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಪ್ರತಿಯೊಂದಕ್ಕೂ ಮೊದಲೇ, ರಸ್ತೆ ನೇರ ಇರುವಾಗಲೇ ಎರಡನೇ ಗೇರಿಗೆ ಇಳಿದು ಬ್ರೇಕ್ ಕೆಲಸ ಮುಗಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟಿರಿ. ಇಷ್ಟಕ್ಕೇ ನಿಮ್ಮ ಜಾರುವಿಕೆ ಅರ್ಧ ಕಡಿಮೆಯಾದರೂ ಆಶ್ಚರ್ಯ ಇಲ್ಲ.

ಹಾಗಾದರೆ ಯಾವುದು ಹಾಕಿಸಬೇಕು? ನನ್ನ ಪ್ರಕಾರ ನಿಮಗೆ ಎರಡು ದಾರಿ ಇದೆ. ಕಡಿಮೆ ಖರ್ಚಿನದು, ಈಗಿನ ಕಬ್ಬಿಣದ ರಿಮ್ಮಿಗೇ 185/70 ಆರ್14. ಒಟ್ಟು ಎತ್ತರ ಸುಮಾರು 615 ಮಿ.ಮೀ., ನೂರಕ್ಕೆ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಪಕ್ಕದ ರಬ್ಬರ್ ಹೆಚ್ಚುಕಡಿಮೆ 130 ಇರುವುದರಿಂದ ಹೊಂಡದ ಭಯ ಇಲ್ಲ. ರಿಮ್ಮಿನ ಅಗಲ 5 ಇಂಚು ಇದ್ದರೆ ಈ ಟೈರ್ ಸರಿಯಾಗಿ ಕೂರುತ್ತದೆ, ರಿಮ್ಮಿನ ಮೇಲೆ ಬರೆದಿರುವುದನ್ನು ನೋಡಿಕೊಳ್ಳಿ. ಎರಡನೆಯದು ನಾನು ಈಗ ಹಾಕಿಕೊಂಡಿರುವ 185/65 ಆರ್15, ರಿಮ್ ಅಗಲ ಐದೂವರೆ ಇಂಚು. ಸ್ಟೀರಿಂಗ್ ಮೊದಲಿಗಿಂತ ಚುರುಕು, ಮಳೆಯಲ್ಲಿ ನಂಬಿಕೆ ಬರುವಂತಿದೆ, ತೋಟದ ಮಣ್ಣು ರಸ್ತೆಯಲ್ಲೂ ಪೆಟ್ಟು ತಿಂದಿಲ್ಲ. ಇದನ್ನು ಹಾಕಿ ನಾಲ್ಕು ಮಳೆಗಾಲ ಕಳೆದಿದ್ದೇನೆ. ಸಿಟಿಯಲ್ಲೇ ಓಡಿಸುವವರಾದರೆ 16 ಇಂಚನ್ನೂ ಯೋಚಿಸಬಹುದಿತ್ತು, ನಿಮ್ಮ ಓಡಾಟಕ್ಕೆ ನಾನು ಹೇಳಲಾರೆ.

ಟೈರ್ ಮೇಲೆ ಸೈಜಿನ ಪಕ್ಕ ಇನ್ನೊಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ, 85ಟಿ, 88ಎಚ್ ಅಂತ. ಸಂಖ್ಯೆ ಭಾರಕ್ಕೆ: 85 ಅಂದರೆ ಒಂದು ಟೈರಿಗೆ 515 ಕಿಲೋ, 88 ಅಂದರೆ 560. ಅಕ್ಷರ ಸ್ಪೀಡಿಗೆ: ಟಿ ಅಂದರೆ ಗಂಟೆಗೆ 190 ಕಿ.ಮೀ. ವರೆಗೆ, ಎಚ್ ಅಂದರೆ 210. ಹೊಸ ಟೈರ್ ಹಳೆಯದಕ್ಕಿಂತ ಕಡಿಮೆಯದು ಆಗಬಾರದು. ನನ್ನ ಆ 17ರ ಟೈರಿನ ಮೇಲೆ 84 ಇತ್ತು, ಅಂದರೆ 500 ಕಿಲೋ, ಕಂಪನಿಯ 14 ಇಂಚಿನದಕ್ಕಿಂತಲೂ ಕಡಿಮೆ. ಮಾರಿದವರು ಹೇಳಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ಐದು ಜನ ಕೂತು ಡಿಕ್ಕಿ ತುಂಬಾ ಸಾಮಾನು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು.

ಅಲಾಯ್ ತಗೊಳ್ಳುವುದಾದರೆ ಡಿಸೈನ್ ಆಮೇಲೆ ನೋಡಿ. ಸ್ವಿಫ್ಟ್‌ಗೆ ನಾಲ್ಕು ಬೋಲ್ಟ್, 100 ಮಿ.ಮೀ. ಪಿಸಿಡಿ, ಅಂದರೆ ಆ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ. ನಡುವಿನ ತೂತು 54.1 ಮಿ.ಮೀ. ಹೊರಗಿನ ಅಲಾಯ್‌ಗಳಲ್ಲಿ ಈ ತೂತು ದೊಡ್ಡದಿರುತ್ತದೆ, ಹಲವು ಗಾಡಿಗೆ ಹೊಂದಲಿ ಅಂತ. ಆಗ ನಡುವಿನ ಸಡಿಲ ತುಂಬಲು ಹಬ್ ರಿಂಗ್ ಅನ್ನುವ ಒಂದು ಬಳೆ ಹಾಕಬೇಕು. ನನಗೆ ಹಾಕಿಕೊಡಲಿಲ್ಲ, 80 ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು, ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಆಫ್‌ಸೆಟ್ (ರಿಮ್ ಗಾಡಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ದೂರ ಅನ್ನುವ ಅಳತೆ) ಕಂಪನಿ ರಿಮ್ಮಿನ ಹತ್ತಿರವೇ ಇರಲಿ. ಅದು ಕಡಿಮೆಯಾದರೆ ಚಕ್ರ ಹೊರಗೆ ಬರುತ್ತದೆ, ನೋಡಲು ಚಂದ, ಆದರೆ ಬೇರಿಂಗಿಗೆ ಭಾರ, ಫೆಂಡರಿಗೆ ಉಜ್ಜುವ ಸಾಧ್ಯತೆಯೂ ಇದೆ. ಹಾಕಿಸಿದ ಮೇಲೆ ಹಿಂದೆ ಮೂವರನ್ನು ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಹಂಪ್ ಹತ್ತಿಸಿ ನೋಡಿ.

ಕಾನೂನು ವಿಷಯ ಚಿಕ್ಕದಾಗಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 185/65 ಆರ್15 ಇದೇ ಗಾಡಿಗೆ ಕಂಪನಿಯೇ ಕೊಡುವ ಸೈಜ್ ಆದ್ದರಿಂದ ತಲೆನೋವು ಕಡಿಮೆ. ಆದರೂ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿಬಿಡಿ, ಕ್ಲೇಮಿನ ಹೊತ್ತಿಗೆ ಮಾತು ಬರುವುದಿಲ್ಲ.

ಒಂದೇ ಸಲ ನಾಲ್ಕಕ್ಕೆ ದುಡ್ಡು ಹೊಂದಿಸಲು ಆಗದಿದ್ದರೆ ಇರುವ 14 ಇಂಚಿಗೇ ಅದೇ ಸೈಜಿನ ಎರಡು ಹೊಸ ಟೈರ್ ಹಾಕಿಸಿ, ಅವನ್ನು ಹಿಂದಕ್ಕೆ ಹಾಕಿಸಿ. ಹೌದು, ಹಿಂದಕ್ಕೇ. ಮುಂದಿನ ಚಕ್ರ ಜಾರಿದರೆ ಕಾಲು ಎತ್ತಿ ಸರಿಮಾಡಿಕೊಳ್ಳಬಹುದು. ಹಿಂದಿನದು ಜಾರಿದರೆ ಗಾಡಿಯೇ ಸುತ್ತುತ್ತದೆ, ಘಾಟಿಯಲ್ಲಿ ಆಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಉಳಿದ ಎರಡನ್ನೂ ಮಳೆಗೆ ಮೊದಲು ಬದಲಿಸಿ, ಅಲ್ಲಿಯವರೆಗೆ ಮುಂದೆ ಹಳೆಯದು ಇದೆ ಅಂತ ನೆನಪಿಟ್ಟುಕೊಂಡು ನಿಧಾನ ಓಡಿಸಿ.

ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲಿನ ಸ್ಟಿಕರ್ ನೋಡಿ ಹಾಕಿಸಿ. ಮೈಲೇಜ್ ಬರುತ್ತೆ ಅಂತ ಜಾಸ್ತಿ ತುಂಬಿಸುವವರ ಮಾತು ಕೇಳಬೇಡಿ. ಓಡಿದ ಮೇಲೆ ಬಿಸಿಗೆ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ, ಅದನ್ನು ಬಿಡಿಸಲೂಬೇಡಿ. ಹೊಸ ಟೈರ್ ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ನೂರು ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ.

ಈಗಿನ ಟೈರುಗಳ ಮೇಲಿನ ಆ ನಾಲ್ಕು ಅಂಕಿ ಏನಿದೆ ಅಂತ ನೋಡಿ ಇಲ್ಲೇ ಬರೆಯಿರಿ, ಸ್ಟೆಪ್ನಿಯದ್ದೂ ಸೇರಿಸಿ. ಈ ವಾರವೇ ಉಡುಪಿಗೆ ಹೋಗುವುದಿದ್ದರೆ ಅದಕ್ಕೆ ಮೊದಲೇ ನೋಡಿ.