ನಾಟಕದ ತಾಲೀಮಿನಲ್ಲಿ ನೆಲಕ್ಕೆ ಬಣ್ಣಬಣ್ಣದ ಟೇಪು ಅಂಟಿಸುವುದೇಕೆ?

ಅದು ರಂಗಸಜ್ಜಿಕೆಯ ನಕ್ಷೆ, ನಿಜವಾದ ಅಳತೆಯಲ್ಲೇ ಹಾಕಿದ್ದು. ಹವ್ಯಾಸಿ ತಂಡಗಳಿಗೆ ರಂಗಮಂದಿರ ಸಿಗುವುದು ಸಾಮಾನ್ಯವಾಗಿ ಪ್ರದರ್ಶನದ ದಿನವೇ. ಅಲ್ಲಿಯವರೆಗೆ ತಾಲೀಮು ಯಾವುದೋ ಶಾಲೆಯ ಹಾಲ್‌ನಲ್ಲೋ ತಾರಸಿಯ ಮೇಲೋ. ಗೋಡೆ, ಬಾಗಿಲು, ಕಟ್ಟೆ ಎಲ್ಲಿ ಬರುತ್ತವೆಂದು ನಟರ ಕಾಲಿಗೆ ಮೊದಲೇ ಗೊತ್ತಾಗಬೇಕು.

ಕಾಲಿಗೇ ಯಾಕೆಂದರೆ, ನಟರು ಮಾತನ್ನು ನಡಿಗೆಯ ಜೊತೆಗೇ ನೆನಪಿಟ್ಟುಕೊಳ್ಳುತ್ತಾರೆ. ನಾಲ್ಕು ಹೆಜ್ಜೆಗೆ ಮುಗಿಯುತ್ತಿದ್ದ ಸಾಲಿಗೆ ವೇದಿಕೆಯಲ್ಲಿ ಏಳು ಹೆಜ್ಜೆ ಬೇಕಾದರೆ, ಮಾತು ಮುಗಿದರೂ ನಡಿಗೆ ಉಳಿಯುತ್ತದೆ. ಎದುರಿನವರು ತಮ್ಮ ಮಾತು ಎಲ್ಲಿ ಎತ್ತಿಕೊಳ್ಳಬೇಕೆಂದು ತಡವರಿಸುತ್ತಾರೆ. ಬೆಳಕು ಬೀಳುವ ಜಾಗ ಬಿಟ್ಟು ಕತ್ತಲಲ್ಲಿ ನಿಂತು ಮಾತಾಡುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಟೇಪು ಹಾಕುವಾಗ ಮೊದಲು ವೇದಿಕೆಯ ಮುಂದಿನ ಅಂಚಿನ ಗೆರೆ, ಅದರ ಮಧ್ಯದಿಂದ ಹಿಂದಕ್ಕೊಂದು ನಡುಗೆರೆ. ಉಳಿದೆಲ್ಲ ಮೂಲೆಗಳನ್ನೂ ಈ ಎರಡರಿಂದಲೇ ಅಳೆಯಬೇಕು, ಹಾಲ್‌ನ ಗೋಡೆಯಿಂದಲ್ಲ. ಅಂಕ ಬದಲಾದರೆ ಬಣ್ಣ ಬದಲು. ಬಾಗಿಲು ಯಾವ ಕಡೆ ತೆರೆಯುತ್ತದೆಂದೂ ಕಮಾನಾಗಿ ಗುರುತು ಹಾಕಿ; ಇದನ್ನು ಮರೆಯುವವರೇ ಹೆಚ್ಚು. ಎತ್ತರವನ್ನು ಟೇಪು ಹೇಳಲಾರದು: 1 ಅಡಿಯ ಕಟ್ಟೆ ಬರುವಲ್ಲಿ ಅಷ್ಟೇ ಎತ್ತರದ ಗಟ್ಟಿ ಪೆಟ್ಟಿಗೆ ಇಡಿ. ಸುಲಭವಾಗಿ ಕೀಳುವ ಕಾಗದದ ಟೇಪು ಸಾಕು. ಪ್ಯಾಕಿಂಗ್ ಟೇಪಿನ ಅಂಟು ನೆಲದಲ್ಲೇ ಉಳಿಯುತ್ತದೆ, ಶಾಲೆಯವರು ಮತ್ತೆ ಹಾಲ್ ಕೊಡುವುದಿಲ್ಲ.

ಬೆಂಗಳೂರಿನ ರಂಗಶಂಕರದಂತೆ ಮೂರು ಕಡೆ ಪ್ರೇಕ್ಷಕರಿರುವ ಜಾಗದಲ್ಲಿ ಆಡುವುದಿದ್ದರೆ ಮೂರೂ ಅಂಚಿಗೆ ಕುರ್ಚಿ ಹಾಕಿಯೇ ತಾಲೀಮು ಮಾಡಿ. ಎದುರಿಗಷ್ಟೇ ಮುಖ ಕೊಟ್ಟು ರೂಢಿಯಾದವರು ಪಕ್ಕದವರಿಗೆ ಪೂರ್ತಿ ದೃಶ್ಯ ಬೆನ್ನನ್ನೇ ತೋರಿಸುತ್ತಾರೆ.